ಗಂಟೆಗೆ ಎರಡು ಚಮಚ

ಹೊಟ್ಟೆನೋವನ್ನು ನಾನು ನಾಲ್ಕು ದಿನ ಬಸ್ಸಿನಲ್ಲೇ ಇಟ್ಟುಕೊಂಡು ತಿರುಗಿದೆ. ಮೆಜೆಸ್ಟಿಕ್‌ನಿಂದ ಮಲ್ಲೇಶ್ವರಂ ಹದಿನೆಂಟನೇ ಕ್ರಾಸ್, ಅಲ್ಲಿಂದ ಮತ್ತೆ ಮೆಜೆಸ್ಟಿಕ್. ನಾನು ಸಿಟಿ ಬಸ್ಸಿನ ಕಂಡಕ್ಟರ್. ಹೊತ್ತಿಗೆ ಸರಿಯಾಗಿ ಊಟವಿಲ್ಲದ, ಬಾತ್‌ರೂಮಿಗೆ ಹೋಗಲು ಟರ್ಮಿನಲ್ ಬರುವವರೆಗೂ ಕಾಯಬೇಕಾದ ಕೆಲಸ. ಹೊಟ್ಟೆ ಹಿಡಿದುಕೊಂಡರೆ ಗ್ಯಾಸ್ಟ್ರಿಕ್ ಎಂದು ಒಂದು ಮಾತ್ರೆ ನುಂಗುತ್ತೇವೆ, ಮುಂದಿನ ಸ್ಟಾಪಿಗೆ ಸೀಟಿ ಊದುತ್ತೇವೆ. ಐದನೇ ದಿನ ಸಂಪಿಗೆ ರಸ್ತೆಯಲ್ಲಿ ಟಿಕೆಟ್ ಕೊಡುತ್ತಿದ್ದವಳು ಹಾಗೇ ಕುಸಿದು ಕೂತೆ. ಡ್ರೈವರ್ ಬಸ್ ನಿಲ್ಲಿಸಿದ. ಇಬ್ಬರು ಹೆಂಗಸರು ನನ್ನನ್ನು ಆಟೋಗೆ ಹತ್ತಿಸಿದರು. ಅವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಮ್ಮ ಮನೆ ಚಾಮರಾಜಪೇಟೆ. ಆಸ್ಪತ್ರೆಯೂ ಅಲ್ಲೇ, ಮನೆಯಿಂದ ಬಸ್ಸಿನಲ್ಲಿ ಎರಡು ಸ್ಟಾಪು. ನನ್ನ ಗಂಡ ಶಂಕರ ಹೊಲಿಗೆ ಮೆಷಿನ್ ರಿಪೇರಿ ಮಾಡುತ್ತಾರೆ. ಕೈಯಲ್ಲಿ ಎಣ್ಣೆ ಮೆತ್ತಿಕೊಂಡೇ ಓಡಿ ಬಂದಿದ್ದರು. ಕರುಳಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಸಣ್ಣ ಕರುಳು ಕಪ್ಪಾಗುತ್ತಿದೆ, ಈಗಲೇ ಕೊಯ್ಯಬೇಕು ಎಂದು ಅವರಿಗೆ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದರಂತೆ. ಅವರು ಸಹಿ ಹಾಕಿದ ಕಾಗದದ ಮೇಲೆ ಎಣ್ಣೆಯ ಬೆರಳಚ್ಚು ಬಿದ್ದಿತ್ತು. ನನ್ನ ಫೈಲಿನಲ್ಲಿ ಅದು ಈಗಲೂ ಇದೆ.

ಎಚ್ಚರವಾದಾಗ ಸಣ್ಣ ಕರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಇರಲಿಲ್ಲ. ಒಳಗೆ ಏನು ಹೋಗಿದೆ, ಏನು ಉಳಿದಿದೆ ಎಂಬುದು ಆಗ ನನ್ನ ತಲೆಗೆ ಇಳಿಯಲಿಲ್ಲ. ಬದುಕಿದ್ದೇನಲ್ಲ, ಇನ್ನೊಂದು ವಾರಕ್ಕೆ ಮನೆ ಎಂದುಕೊಂಡೆ. ಒಂಬತ್ತನೇ ದಿನ ಹೊಲಿದ ಜಾಗ ಸೋರಿತು. ಮತ್ತೆ ಕೊಯ್ದರು. ಈ ಸಲ ಹೊಟ್ಟೆಯ ಎಡಗಡೆ ಪೆನ್ನಿನ ರೀಫಿಲ್ಲಿಗಿಂತ ಸ್ವಲ್ಪ ದಪ್ಪನೆಯ ಒಂದು ನಳಿಕೆ ಕೂರಿಸಿ ಬಂದಿದ್ದರು. ಅದರ ಇನ್ನೊಂದು ತುದಿ ಕರುಳಿನೊಳಗೆ. "ಅದು ಮುಂದಕ್ಕೆ ಬೇಕಾಗುತ್ತೆ. ಸದ್ಯಕ್ಕೆ ಬಾಯಿಗೆ ಏನೂ ಇಲ್ಲ, ನೀರೂ ಇಲ್ಲ," ಎಂದರು ಡಾಕ್ಟರಮ್ಮ. ಐವತ್ತರ ಆಸುಪಾಸಿನ, ಮಾತು ಕಡಿಮೆ ಇರುವ ಹೆಂಗಸು. ನನ್ನನ್ನು ಎರಡು ಸಲ ಕೊಯ್ದವರು ಅವರೇ.

ಊಟ ಬರುತ್ತಿದ್ದದ್ದು ತೋಳಿನ ನರದ ಮೂಲಕ. ಬೆಳಿಗ್ಗೆ ಒಂದು ದೊಡ್ಡ ಚೀಲ ತಂದು ನೇತುಹಾಕುತ್ತಿದ್ದರು, ನಂದಿನಿ ಪ್ಯಾಕೆಟ್ ಹಾಲಿನಷ್ಟು ಬೆಳ್ಳಗೆ. ಸಕ್ಕರೆ, ಕೊಬ್ಬು, ಉಪ್ಪು ಎಲ್ಲ ಅದರಲ್ಲೇ. ನೋವಿಲ್ಲ, ರುಚಿಯಿಲ್ಲ, ಅಗಿಯುವುದಿಲ್ಲ, ಹೊರಗೆ ಹೋಗುವುದೂ ಹೆಚ್ಚೇನಿಲ್ಲ. ಮಾಗಡಿ ಕಡೆಯಿಂದ ಬಂದಿದ್ದ ನನ್ನ ಅವ್ವ ಮೊದಲ ದಿನ ಆ ಚೀಲವನ್ನು ತುಂಬ ಹೊತ್ತು ನೋಡಿದಳು.

"ಇದು ಯಾವ ಹೊಟ್ಟೆಗೆ ಹೋಯ್ತದೆ?"

"ಹೊಟ್ಟೆಗಲ್ಲ ಕಣವ್ವ, ರಕ್ತಕ್ಕೆ."

"ಅಂದ್ರೆ ಹೊಟ್ಟೆ ಉಪವಾಸವಾ?"

"ಹೂಂ."

"ಎಷ್ಟು ದಿವ್ಸ?"

ನನಗೆ ಗೊತ್ತಿರಲಿಲ್ಲ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೊರಗೆ ಹೋಗಿ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನ ಶಂಕರ ಬಂದು ಹೇಳಿದ ಮೇಲೆ ತಿಳಿಯಿತು, ಅವಳು ತಂದಿದ್ದ ರಾಗಿ ಗಂಜಿಯನ್ನು ಬೆಂಚಿನಲ್ಲಿ ಪಕ್ಕ ಕೂತಿದ್ದ ಯಾರಿಗೋ ಕುಡಿಸಿದ್ದಳು. "ಚೆಲ್ಲಕ್ಕೆ ಮನಸ್ಸು ಬರ್ಲಿಲ್ಲ" ಎಂದಳಂತೆ.

ಹಸಿವಾಗುತ್ತಿತ್ತೇ ಎಂದು ಎಲ್ಲರೂ ಕೇಳುತ್ತಾರೆ. ಹಸಿವಲ್ಲ ಅದು. ಬಾಯಿಯೊಂದೇ ಬೇರೆಯಾಗಿ ಬಳಲುವುದು. ವಾರ್ಡಿನ ಕಿಟಕಿಯಿಂದ ಬೆಳಗಿನ ಹೊತ್ತು ಕಾಫಿಪುಡಿ ಹುರಿಯುವ ವಾಸನೆ ಬರುತ್ತಿತ್ತು. ಹನ್ನೊಂದರ ಹೊತ್ತಿಗೆ ಯಾರದೋ ಮನೆಯ ಒಗ್ಗರಣೆ. ಶಂಕರ ನನ್ನ ಮುಂದೆ ತಿನ್ನುವುದನ್ನು ಬಿಟ್ಟುಬಿಟ್ಟಿದ್ದರು. "ಊಟ ಆಯ್ತಾ?" ಎಂದರೆ "ಇನ್ನೂ ಇಲ್ಲ, ಆಮೇಲೆ ಮಾಡ್ತೀನಿ" ಎನ್ನುತ್ತಿದ್ದರು. ನನ್ನ ಕೂದಲು ಸರಿ ಮಾಡಲು ಕೈ ಚಾಚಿದರೆ ಬೆರಳಿನಲ್ಲಿ ಸಾಂಬಾರಿನ ವಾಸನೆ. ನಾನೇನೂ ಹೇಳುತ್ತಿರಲಿಲ್ಲ. ಪಾಪ, ಮುಚ್ಚಿಟ್ಟುಕೊಂಡು ತಿನ್ನುವ ಹಾಗಾಯಿತಲ್ಲ ಎನಿಸುತ್ತಿತ್ತು.

ನಾಲ್ಕು ವಾರ ಹೀಗೆ. ಆಮೇಲೆ ಒಂದು ಬೆಳಿಗ್ಗೆ ಡಾಕ್ಟರಮ್ಮನ ಜೊತೆ ರೇಖಾ ಎಂಬಾಕೆ ಬಂದರು. ಯಾವ ರೋಗಿಗೆ ಯಾವ ಆಹಾರ ಎಂದು ನೋಡಿಕೊಳ್ಳುವವರು. ಹೊಟ್ಟೆಯ ನಳಿಕೆಯಿಂದ ಇವತ್ತು ಶುರು ಮಾಡುವುದಾಗಿ ಹೇಳಿದರು.

"ಎಷ್ಟು ಕೊಡ್ತೀರಾ?"

"ಗಂಟೆಗೆ ಎರಡು ಟೀ ಚಮಚ," ಎಂದರು ರೇಖಾ.

ನಾನು ನಕ್ಕೆ. ಎರಡು ಚಮಚದಿಂದ ಯಾರ ಹೊಟ್ಟೆ ತುಂಬುತ್ತದೆ? ರೇಖಾ ನಗಲಿಲ್ಲ. "ಇದು ಹೊಟ್ಟೆ ತುಂಬೋಕಲ್ಲ. ನಿಮಗೆ ಊಟ ಆ ಚೀಲದಿಂದ ಬರ್ತಿದೆ. ಇದು ಕರುಳಿಗೆ. ಒಂದು ತಿಂಗಳಿಂದ ಅದರ ಮೇಲೆ ಏನೂ ಹರಿದಿಲ್ಲ."

ಕಂಬಕ್ಕೆ ಇನ್ನೊಂದು ಸಣ್ಣ ಚೀಲ ನೇತುಹಾಕಿದರು, ಅದರಿಂದ ನಳಿಕೆಗೆ ಹದಿನೆಂಟು ಇಪ್ಪತ್ತು ಸೆಕೆಂಡಿಗೆ ಒಂದು ಹನಿ. ಮೊದಲ ಗಂಟೆ ಏನೂ ಆಗಲಿಲ್ಲ. ಮಧ್ಯಾಹ್ನಕ್ಕೆ ಹಿಡಿದುಕೊಂಡಿತು. ಒದ್ದೆ ಬಟ್ಟೆಯನ್ನು ಇಬ್ಬರು ಎರಡು ಕಡೆಯಿಂದ ಹಿಂಡಿದ ಹಾಗೆ. ಆಮೇಲೆ ಭೇದಿ. ಡ್ರಿಪ್ಪಿನ ಕಂಬವನ್ನು ತಳ್ಳಿಕೊಂಡು ಬಾತ್‌ರೂಮಿಗೆ ಓಡುವುದು, ಬಂದು ಮಲಗುವುದು, ಮತ್ತೆ ಓಡುವುದು. ಕೆಲವು ಸಲ ತಲುಪುತ್ತಿರಲಿಲ್ಲ. ವಾರ್ಡಿನ ಆಯಾ ಜಯಮ್ಮ ಏನೂ ಅನ್ನದೆ ಸೀರೆ ಬದಲಿಸುತ್ತಿದ್ದಳು. ನಲವತ್ತಾರು ವರ್ಷದ ಹೆಂಗಸು ನಾನು, ಬಸ್ಸಿನಲ್ಲಿ ಗಂಡಸರನ್ನು ಗದರಿಸಿ ಹಿಂದೆ ಕಳಿಸುತ್ತಿದ್ದವಳು, ನೆಲ ಒರೆಸುತ್ತಿರುವ ಇನ್ನೊಬ್ಬ ಹೆಂಗಸಿನ ಮುಖ ನೋಡಲಾರದೆ ಗೋಡೆಗೆ ತಿರುಗಿ ಮಲಗುತ್ತಿದ್ದೆ.

ಹೇಳಿದೆ. ಹೇಳದೆ ಇರಲಿಲ್ಲ. "ಸ್ವಲ್ಪ ದಿನ ಹಾಗಾಗುತ್ತೆ, ತಡ್ಕೊಳಿ" ಎಂದರು. ಬಂದವರೆಲ್ಲ ಅದನ್ನೇ ಹೇಳುತ್ತಿದ್ದರು, ತಡ್ಕೊಳಿ, ತಡ್ಕೊಳಿ. ಹದಿನೈದು ದಿನ ತಡೆದುಕೊಂಡೆ. ಆಮೇಲೆ ನನ್ನಲ್ಲಿ ಏನೋ ಮುಗಿದುಹೋಯಿತು. ಕೋಪ ಬರಲಿಲ್ಲ, ಅಳುವೂ ಬರಲಿಲ್ಲ. ಸಾಕು ಎನಿಸಿತು, ಅಷ್ಟೆ. ತೋಳಿನಿಂದ ಹೇಗೂ ಊಟ ಬರುತ್ತಿದೆ, ಒಂದು ದಿನವೂ ನೋಯಿಸಿದ್ದಿಲ್ಲ ಅದು. ಈ ಎರಡು ಚಮಚಕ್ಕಾಗಿ ಯಾಕೆ ಇಷ್ಟು?

ಒಂದು ಮಧ್ಯಾಹ್ನ, ಸಿಸ್ಟರ್ ಚೀಲ ನೋಡಿಕೊಂಡು ಹೋದ ಮೇಲೆ, ನಳಿಕೆಯ ಜೋಡಣೆಯನ್ನು ಬಿಚ್ಚಿದೆ. ಹೊಟ್ಟೆಯ ಕಡೆಯ ತುದಿಗೆ ಮುಚ್ಚಳ ಹಾಕಿದೆ. ಚೀಲದ ಕಡೆಯ ತುದಿಯನ್ನು ಹೊದಿಕೆಯ ಅಡಿಯಲ್ಲಿ ವಾಂತಿಯ ಟ್ರೇಯೊಳಗೆ ಬಿಟ್ಟೆ. ಹನಿಗಳು ಅದರೊಳಗೆ ಬೀಳುತ್ತಾ ಹೋದವು. ಸಿಸ್ಟರ್ ಬರುವ ಹೊತ್ತಿಗೆ ಮತ್ತೆ ಜೋಡಿಸಿದೆ. ಚೀಲ ಎಷ್ಟು ಖಾಲಿಯಾಗಬೇಕೋ ಅಷ್ಟೇ ಆಗಿತ್ತು. ಟ್ರೇಯಲ್ಲಿದ್ದದ್ದನ್ನು ಬಾತ್‌ರೂಮಿನ ಬೇಸಿನ್ನಿಗೆ ಸುರಿದು ನೀರು ಬಿಟ್ಟೆ. ಅಷ್ಟು ಸುಲಭ.

ಅವತ್ತು ನೋವಿರಲಿಲ್ಲ. ಮಾರನೆಯ ದಿನವೂ ಹಾಗೇ ಮಾಡಿದೆ. ಭೇದಿ ನಿಂತಿತು.

ನಾನು ಎಣಿಸದೇ ಇದ್ದದ್ದು ಇದು: ನನ್ನ ಸುಳ್ಳು ಅವರಿಗೆ ಒಳ್ಳೆಯ ಸುದ್ದಿಯಾಗಿ ಕಂಡಿತು. ಮೂರನೇ ದಿನ ರೇಖಾ ಖುಷಿಯಿಂದ ಬಂದರು. "ನೋಡಿ, ಹೇಳ್ಲಿಲ್ವಾ? ಕರುಳು ಒಗ್ಗಿಸ್ಕೊಳ್ತಿದೆ. ಜಾಸ್ತಿ ಮಾಡೋಣ." ಎರಡು ಚಮಚ ನಾಲ್ಕಾಯಿತು, ನಾಲ್ಕು ಎಂಟಾಯಿತು. ಅದಕ್ಕೆ ತಕ್ಕಂತೆ ತೋಳಿನ ಚೀಲವನ್ನು ಅರ್ಧಕ್ಕೆ ಇಳಿಸಿದರು. ಡಾಕ್ಟರಮ್ಮ ಕೂಡ ಅವತ್ತು ನನ್ನ ಭುಜ ತಟ್ಟಿ "ಭೇಷ್" ಎಂದರು. ಅವರ ಬಾಯಿಂದ ಬಂದ ಮೊದಲ ಹೊಗಳಿಕೆ ಅದು. ಆ ಹೊತ್ತಿಗೆ ನಿಜ ಹೇಳುವುದು ಆಗಲೇ ಕಷ್ಟವಾಗಿಹೋಗಿತ್ತು. ನಾಳೆಯಿಂದ ಬಿಚ್ಚುವುದಿಲ್ಲ ಎಂದುಕೊಂಡೆ. ಒಂದು ಗಂಟೆ ಬಿಚ್ಚದೆ ಇದ್ದೆ. ಎಂಟು ಚಮಚದ ನೋವು ಎರಡು ಚಮಚದ್ದಕ್ಕಿಂತ ಹೆಚ್ಚು. ಮತ್ತೆ ಬಿಚ್ಚಿದೆ.

ಹೀಗೆ ನಾನು ಆಸ್ಪತ್ರೆಯ ಮಂಚದ ಮೇಲೆ, ಎರಡು ಚೀಲಗಳ ಕೆಳಗೆ, ಅರೆಹೊಟ್ಟೆ ಇರತೊಡಗಿದೆ. ಸೋಮವಾರ ತೂಕ ಇಳಿದಿತ್ತು. ರೇಖಾ ಮೆಷಿನ್ ಸರಿಯಿಲ್ಲವೇನೋ ಎಂದು ಇನ್ನೊಂದರ ಮೇಲೆ ನಿಲ್ಲಿಸಿದರು. ಅದರಲ್ಲೂ ಅಷ್ಟೇ. "ಲೆಕ್ಕ ಕೂಡ್ತಿಲ್ವಲ್ಲ," ಎಂದು ಕಾಗದ ನೋಡುತ್ತಾ ನಿಂತರು. ನಾನು ಕಿಟಕಿಯ ಕಡೆ ನೋಡಿದೆ.

ಮಾರನೆಯ ಬೆಳಿಗ್ಗೆ ಜಯಮ್ಮ ಬಾತ್‌ರೂಮ್ ತೊಳೆದು ಬಂದಳು. ಪೊರಕೆಯನ್ನು ಗೋಡೆಗೆ ಒರಗಿಸಿ ನನ್ನ ಮಂಚದ ಹತ್ತಿರ ನಿಂತಳು. ಪಕ್ಕದ ಮಂಚದ ಅಜ್ಜಿ ನಿದ್ದೆಯಲ್ಲಿದ್ದರು.

"ಅಕ್ಕಾ, ಬೇಸಿನ್ ತುಂಬಾ ಇರುವೆ."

ನಾನು ಹೊದಿಕೆಯನ್ನು ಮೇಲೆ ಎಳೆದುಕೊಂಡೆ.

"ಹತ್ತು ವರ್ಷ ಆಯ್ತು ನಾನು ಈ ಬಾತ್‌ರೂಮ್ ತೊಳೆಯಕ್ಕಿಡ್ದು. ಫಿನಾಯಿಲ್ ವಾಸ್ನೆಗೆ ಒಂದು ಇರುವೆ ಬಂದಿದ್ದಿಲ್ಲ. ಸಿಹಿ ಬಿದ್ರೆ ಬರ್ತವೆ." ಧ್ವನಿ ತಗ್ಗಿಸಿ ಹೇಳಿದಳು, "ನಾನು ಹೇಳಕ್ಕೋಗಲ್ಲ. ಮಧ್ಯಾಹ್ನ ಡಾಕ್ಟ್ರು ಬತ್ತಾರಲ್ಲ, ನೀವೇ ಹೇಳ್ಬಿಡಿ. ನೀವು ಹೇಳಿಲ್ಲ ಅಂದ್ರೆ ಆಮೇಲೆ ನಂಗೂ ಬೇರೆ ದಾರಿ ಇರಲ್ಲ."

"ನೋವು ತಡ್ಕೊಳಕ್ಕಾಗಲ್ಲ ಜಯಮ್ಮ."

"ಗೊತ್ತಕ್ಕಾ. ನಿಮ್ಮ ಸೀರೆ ಒಗೆಯೋಳು ನಾನಲ್ವಾ." ಇಷ್ಟು ಹೇಳಿ ಪೊರಕೆ ತೆಗೆದುಕೊಂಡು ಹೋದಳು.

ಮಧ್ಯಾಹ್ನದವರೆಗೂ ಕಾಯಬೇಕಾಗಲಿಲ್ಲ. ಹನ್ನೊಂದೂವರೆಗೆ ಚಳಿ ಶುರುವಾಯಿತು. ಎರಡು ಕಂಬಳಿ ಹೊದಿಸಿದರೂ ಮಂಚ ಗಡಗಡ ಎನ್ನುತ್ತಿತ್ತು. ಜ್ವರ ಏರಿತು, ಬಿ.ಪಿ. ಇಳಿಯಿತು. ಸಿಸ್ಟರ್‌ಗಳು ಓಡಾಡಿದರು, ರಕ್ತ ತೆಗೆದುಕೊಂಡರು. ಡಾಕ್ಟರಮ್ಮ ಬಂದು ಬಗ್ಗಿದಾಗ ಅವರ ಕೋಟಿನ ತೋಳು ಹಿಡಿದುಕೊಂಡೆ. ಹಲ್ಲು ಕಟಕಟ ಎನ್ನುತ್ತಿತ್ತು, ಮಾತು ತುಂಡುತುಂಡಾಗಿ ಬಂತು.

"ಮೇಡಂ, ನಾನು ಅದನ್ನ ಹೊಟ್ಟೆಗೆ ಬಿಟ್ಕೊಂಡಿಲ್ಲ. ಬೇಸಿನ್‌ಗೆ ಸುರಿದೆ."

"ಯಾವತ್ತಿಂದ?"

"ಏಳು ದಿನ."

ಅವರು ಒಂದು ಕ್ಷಣ ಕಣ್ಣು ಮುಚ್ಚಿದರು. ಬೈಯುತ್ತಾರೆ ಎಂದುಕೊಂಡೆ. "ಸರಿ. ಈಗ ಹೇಳಿದ್ದು ಒಳ್ಳೇದಾಯ್ತು," ಎಂದಷ್ಟೇ ಹೇಳಿ ಸಿಸ್ಟರ್ ಕಡೆ ತಿರುಗಿದರು.

ಅವತ್ತು ಬಿಳಿ ಚೀಲದಿಂದ ತೋಳಿನ ನರಕ್ಕೆ ಹೋಗುತ್ತಿದ್ದ ಲೈನನ್ನು ತೆಗೆದುಹಾಕಿದರು. ಎರಡು ದಿನ ಐಸಿಯುವಿನಲ್ಲಿ ಇದ್ದೆ. ಅವ್ವ ತನ್ನ ಊರಿನ ಮಾರಮ್ಮನಿಗೆ ಹರಕೆ ಹೊತ್ತಳಂತೆ. ಬೌದ್ಧರಾದ ಮೇಲೆ ಹರಕೆ ಎಂದರೆ ವಾದಕ್ಕೆ ನಿಲ್ಲುತ್ತಿದ್ದ ಶಂಕರ ಆ ಸಲ "ಹೊತ್ಕೊಳ್ಳಿ ಅತ್ತೆ" ಎಂದರಂತೆ.

ರಕ್ತಪರೀಕ್ಷೆಯಲ್ಲಿ ಬೆಳೆದದ್ದು ಕರುಳಿನಲ್ಲಿ ವಾಸ ಮಾಡುವ ಕ್ರಿಮಿ. ಮೂರನೇ ದಿನ ಡಾಕ್ಟರಮ್ಮ ಒಬ್ಬರೇ ಬಂದು ಮಂಚದ ತುದಿಯಲ್ಲಿ ಕೂತರು. ಅವರು ಕೂತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ನನ್ನಿಂದಲೇ ಬಂತಾ ಜ್ವರ?" ಎಂದು ಕೇಳಿದೆ.

"ಗೊತ್ತಿಲ್ಲ. ಲೈನಿಂದ ಬಂದಿರಬಹುದು, ಅದು ಯಾರಿಗೂ ಬರಬಹುದು. ಕರುಳಿಂದಲೂ ದಾಟಿರಬಹುದು. ಖಂಡಿತ ಹೀಗೇ ಅಂತ ಹೇಳಿದ್ರೆ ಸುಳ್ಳಾಗುತ್ತೆ." ಅವರು ತಮ್ಮ ಅಂಗೈಯನ್ನು ಉಜ್ಜಿಕೊಂಡರು. "ಕರುಳಿನ ಒಳಗಡೆ ಚರ್ಮ ಇದೆಯಲ್ಲ, ಅದು ಮೂರು ನಾಲ್ಕು ದಿನಕ್ಕೆ ಉದುರಿ ಹೊಸದು ಬರ್ತಾ ಇರುತ್ತೆ. ಅದಕ್ಕೆ ರಕ್ತದಿಂದ ಬರೋ ಊಟ ಸಾಕಾಗಲ್ಲ. ಅದರ ಮೇಲೆ ಹರಿದು ಹೋಗೋ ಅನ್ನವೂ ಬೇಕು. ಏನೂ ಹರೀದೇ ಇದ್ರೆ ತೆಳ್ಳಗಾಗುತ್ತೆ, ಬೇಲಿ ಸಡಿಲ ಆಗುತ್ತೆ. ನಿಮಗೆ ಉಳಿದಿರೋದೇ ಅರ್ಧಕ್ಕಿಂತ ಕಡಿಮೆ. ಅದು ಬೆಳೆದು ಪೂರ್ತಿ ಕೆಲಸ ಕಲೀಬೇಕು. ಇಲ್ಲ ಅಂದ್ರೆ ಜೀವನಪರ್ಯಂತ ಆ ಬಿಳಿ ಚೀಲ."

"ನೋವು ಮೇಡಂ."

"ನೀವು ನೋವು ಅಂದಾಗ ನಾವು ತಡ್ಕೊಳಿ ಅಂದ್ವಿ. ಅದು ನಮ್ಮ ತಪ್ಪು. ಇನ್ಮೇಲೆ ನೋವಾದ್ರೆ ಹೇಳಿ, ನಾನೇ ನಿಲ್ಲಿಸ್ತೀನಿ. ನೀವು ನಿಲ್ಲಿಸಬೇಡಿ."

ಡಾಕ್ಟರೊಬ್ಬರು ತಪ್ಪು ಎಂಬ ಮಾತನ್ನು ತಮಗೇ ಹಚ್ಚಿಕೊಂಡದ್ದನ್ನು ಕೇಳಿ ಅತ್ತುಬಿಟ್ಟೆ. ಎರಡು ಆಪರೇಷನ್ನಿಗೂ ಅಷ್ಟು ಅತ್ತಿರಲಿಲ್ಲ.

"ಮನೆಯವರಿಗೆ ಹೇಳ್ತೀರಾ?" ಎಂದು ಕೇಳಿದೆ.

"ಅದು ನೀವು ಹೇಳಬೇಕಾದ್ದು," ಎಂದು ಎದ್ದರು.

ನಾನು ಹೇಳಲಿಲ್ಲ. ಅವ್ವ ದಿನಕ್ಕೆರಡು ಸಲ ಬಸ್ಸು ಹಿಡಿದು ಗವಿಪುರದ ನನ್ನ ಚಿಕ್ಕಮ್ಮನ ಮನೆಯಿಂದ ಬಂದು ಆ ಬೆಂಚಿನ ಮೇಲೆ ಕೂರುತ್ತಿದ್ದಳು. ಶಂಕರ ಅಂಗಡಿಯ ಬಾಗಿಲು ಅರ್ಧ ತೆರೆದು ಅರ್ಧ ಮುಚ್ಚಿ ಓಡಾಡುತ್ತಿದ್ದರು. ಅವರಿಗೆ ಏನೆಂದು ಹೇಳಲಿ? ನೀವು ನನ್ನನ್ನು ಉಳಿಸಿಕೊಳ್ಳಲು ಒದ್ದಾಡುತ್ತಿದ್ದಾಗ ನಾನು ಅದನ್ನು ಬೇಸಿನ್ನಿಗೆ ಸುರಿಯುತ್ತಿದ್ದೆ ಎಂದೇ?

ಜ್ವರ ಪೂರ್ತಿ ಇಳಿದು ಹೊಸ ಲೈನ್ ಹಾಕುವವರೆಗೆ ಐದು ದಿನ ಬರೀ ಸಣ್ಣ ಡ್ರಿಪ್ಪು ಮತ್ತು ಹೊಟ್ಟೆಯ ನಳಿಕೆ. ರೇಖಾ ಆಹಾರವನ್ನು ಬದಲಿಸಿ, ತೆಳ್ಳಗೆ ಮಾಡಿ, ಮತ್ತೆ ಎರಡು ಚಮಚದಿಂದ ಶುರು ಮಾಡಿದರು. ನೋವಿಗೆ ಔಷಧ ಕೊಟ್ಟರು. ನೋವು ಹೋಗಲಿಲ್ಲ, ಸ್ವಲ್ಪ ದೂರ ಸರಿದು ನಿಂತಿತು. ಎರಡು ಸಲ ನಿಲ್ಲಿಸಿ ಎಂದೆ, ಎರಡು ಸಲವೂ ಬಂದು ನಿಲ್ಲಿಸಿದರು. ಒಂದು ಗಂಟೆ ಬಿಟ್ಟು ನಾನೇ "ಹಾಕಿ" ಎಂದೆ. ನಿಲ್ಲಿಸುವವರಿದ್ದಾರೆ ಎಂದು ಗೊತ್ತಾದ ಮೇಲೆ ಹನಿಗಳ ಮೇಲಿನ ಹೆದರಿಕೆ ಕಡಿಮೆಯಾಯಿತು. ಇದನ್ನು ಓದುವವರಲ್ಲಿ ಯಾರಾದರೂ ಹೀಗೆ ನಳಿಕೆ ಹಾಕಿಸಿಕೊಂಡು ಮಲಗಿದ್ದರೆ, ನೀವು ಬಿಚ್ಚಿದ್ದರೆ, ಬಿಚ್ಚಬೇಕು ಎನಿಸಿದ್ದರೆ, ನಿಮ್ಮನ್ನು ನಾನು ಬೈಯುವುದಿಲ್ಲ. ಯಾರಿಗಾದರೂ ಹೇಳಿ, ಅಷ್ಟೆ. ಆಯಾಗಾದರೂ ಹೇಳಿ.

ಆಸ್ಪತ್ರೆ ಸೇರಿ ಎರಡೂವರೆ ತಿಂಗಳಾದ ಮೇಲೆ ಡಾಕ್ಟರಮ್ಮ ಬಾಯಿಗೆ ಗಂಜಿಯ ತಿಳಿ ಕೊಡಬಹುದು ಎಂದರು. ಅವ್ವ ಮನೆಯಲ್ಲಿ ಕಾಯಿಸಿ ಸೋಸಿ ತಂದಳು. ತಾನೇ ಕುಡಿಸಿದಳು. ಉಪ್ಪು ಹಾಕುವುದನ್ನು ಮರೆತಿದ್ದಳು. ನಾನು ಹೇಳಲಿಲ್ಲ. ಮೂರು ಗುಟುಕಿಗೆ ಸುಸ್ತಾಗಿ ಮಲಗಿಬಿಟ್ಟೆ.

ಮನೆಗೆ ಬಂದದ್ದು ಆಮೇಲೆ ಒಂದು ತಿಂಗಳಿಗೆ. ಬಿಳಿ ಚೀಲ ಬಿಟ್ಟಿತ್ತು, ನಳಿಕೆ ಬಿಟ್ಟಿರಲಿಲ್ಲ. ಬೆಳಿಗ್ಗೆ ಬಾಯಿಂದ ಸ್ವಲ್ಪ, ಮಧ್ಯಾಹ್ನ ನಾಲ್ಕು ಗಂಟೆ ನಳಿಕೆಯಿಂದ. ಶಂಕರ ಹೊಲಿಗೆ ಮೆಷಿನ್ನಿನ ಹಳೆಯ ಸ್ಟ್ಯಾಂಡಿಗೆ ಕೊಕ್ಕೆ ಹಾಕಿ ಚೀಲ ನೇತುಹಾಕಲು ಮಾಡಿಕೊಟ್ಟರು. ಗೆದ್ದು ಬಂದೆ ಎಂದು ಬಂದವರೆಲ್ಲ ಹೇಳಿದರು. ನನಗೆ ಹಾಗೇನೂ ಅನಿಸಲಿಲ್ಲ. ತಿಂದದ್ದು ಅರ್ಧ ಹಾಗೇ ಹೊರಗೆ ಹೋಗುತ್ತಿತ್ತು. ಬಸವನಗುಡಿಯಲ್ಲಿ ಒಂದು ಮದುವೆಗೆ ಹೋಗಿ, ಊಟದ ಹಾಲ್‌ನಲ್ಲಿ ಬಾತ್‌ರೂಮ್ ಎಲ್ಲಿದೆ ಎಂದು ಮೊದಲು ನೋಡಿಕೊಂಡು ಕೂತೆ. ಬಸ್ ಡ್ಯೂಟಿ ಇನ್ನು ಆಗುವ ಮಾತಲ್ಲ. ಡಿಪೋದಲ್ಲಿ ಕೂತು ಮಾಡುವ ಕೆಲಸ ಕೊಟ್ಟರು. ತೂಕ ತಿಂಗಳಿಗೆ ಒಂದು ಕೆಜಿ ಏರಿದರೆ ಹೆಚ್ಚು, ಕೆಲವು ತಿಂಗಳು ಅದೂ ಇಲ್ಲ. ಪ್ರತಿ ಸಲ ಆಸ್ಪತ್ರೆಯ ಕಾಯುವ ಕೋಣೆಯಲ್ಲಿ ಎರಡು ಮೂರು ಗಂಟೆ. ಟೋಕನ್ ನಂಬರ್ ಕೂಗುವವರ ಧ್ವನಿಯನ್ನೇ ಕೇಳುತ್ತಾ ಗೋಡೆಗೆ ತಲೆ ಒರಗಿಸಿ ಕೂರುವುದು. ವಾಸಿಯಾಗುವುದು ಇಷ್ಟು ಬೇಸರದ ಕೆಲಸ ಎಂದು ಯಾರೂ ಹೇಳಿರಲಿಲ್ಲ.

ಮನೆಗೆ ಬಂದ ಎಂಟನೇ ತಿಂಗಳಲ್ಲಿ ಒಂದು ಬುಧವಾರ ಡಾಕ್ಟರಮ್ಮ ನನ್ನ ಕಾಗದಗಳನ್ನೆಲ್ಲ ನೋಡಿ, "ತೆಗೆದುಬಿಡೋಣ" ಎಂದರು. ಅರ್ಧ ನಿಮಿಷದ ಕೆಲಸ. ಎಳೆದರು, ಬಂತು. ಹೊಲಿಗೆ ಕೂಡ ಹಾಕಲಿಲ್ಲ. "ತಾನಾಗೇ ಮುಚ್ಕೊಳ್ಳುತ್ತೆ," ಎಂದು ಮೇಲೆ ಬಟ್ಟೆ ಇಟ್ಟು ಪ್ಲಾಸ್ಟರ್ ಅಂಟಿಸಿದರು.

ಹೊರಗೆ ಬಂದು ಬಸ್ ಸ್ಟಾಪಿನ ಕಲ್ಲುಬೆಂಚಿನ ಮೇಲೆ ಶಂಕರ ಮತ್ತು ನಾನು ಕೂತೆವು. ಆಟೋ ಹಿಡಿಯಲೂ ಮನಸ್ಸಿರಲಿಲ್ಲ. ಮಧ್ಯಾಹ್ನದ ಬಿಸಿಲು, ರಸ್ತೆಯಲ್ಲಿ ಜನ ಕಡಿಮೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತಿದ್ದೆ. ಆಗ ಹೇಳಿಬಿಟ್ಟೆ. ಟ್ರೇ, ಮುಚ್ಚಳ, ಬೇಸಿನ್ನು, ಏಳು ದಿನ, ಎಲ್ಲವನ್ನೂ.

ಅವರು ರಸ್ತೆಯನ್ನೇ ನೋಡುತ್ತಿದ್ದರು.

"ನಂಗೊತ್ತಿತ್ತು," ಎಂದರು.

"ಡಾಕ್ಟ್ರು ಹೇಳಿದ್ರಾ?"

"ಇಲ್ಲ. ನೋಡ್ದೆ. ಎರಡನೇ ದಿನ. ಪರದೆ ಸರಿಸಿ ಒಳಗೆ ಬರೋಣ ಅಂತಿದ್ದೆ. ಹೊದಿಕೆ ಜಾರಿತ್ತು, ಟ್ರೇ ಕಾಣಿಸ್ತು."

ನಾನು ಅವರ ಕಡೆ ತಿರುಗಿದೆ. ಆಮೇಲೆ ಕೇಳಿದೆ, "ಮತ್ತೆ ಯಾಕೆ ಹೇಳ್ಲಿಲ್ಲ?"

ಅವರು ತಮ್ಮ ಬೆರಳಿನ ಸಂದಿಯಲ್ಲಿ ಉಳಿದಿದ್ದ ಎಣ್ಣೆಯ ಕಪ್ಪನ್ನು ಉಗುರಿನಿಂದ ಕೆರೆಯುತ್ತಿದ್ದರು. "ನೀನು ಮಲಗಿದ್ದೆ ಕಣೇ. ಬಾಯಿ ತೆರ್ಕೊಂಡು, ಆರಾಮಾಗಿ. ಹದಿನೈದು ದಿನದಲ್ಲಿ ನೀನು ಹಂಗೆ ಮಲಗಿದ್ದು ನಾನು ನೋಡಿರ್ಲಿಲ್ಲ. ಎಬ್ಬಿಸೋಕೆ ಮನಸ್ಸು ಬರ್ಲಿಲ್ಲ. ಇವತ್ತೊಂದಿನ ಮಲಗ್ಲಿ, ನಾಳೆ ಹೇಳಣ ಅಂದ್ಕೊಂಡೆ. ನಾಳೆನೂ ಹಂಗೇ ಆಯ್ತು. ಆಮೇಲೆ ನಿನ್ನ ಐಸಿಯುಗೆ ತಗೊಂಡೋದ್ರು." ಕೆರೆಯುವುದನ್ನು ನಿಲ್ಲಿಸಿದರು. "ಆ ಎರಡು ದಿನ ನಾನು ಹೊರಗೆ ಕೂತಿದ್ನಲ್ಲ, ನಾನೇ ಸಾಯಿಸ್ದೆ ಅಂತ ಕೂತಿದ್ದೆ."

ಅವರ ಮೇಲೆ ಕೋಪ ಬರುತ್ತದೇನೋ ಎಂದು ಕಾದೆ. ಬರಲಿಲ್ಲ. ಎಂಟು ತಿಂಗಳು ಒಂದೇ ಮನೆಯಲ್ಲಿ, ಒಂದೇ ವಿಷಯವನ್ನು, ನಾನು ಆ ಕಡೆಗೆ ಅವರು ಈ ಕಡೆಗೆ ಮುಖ ಮಾಡಿ ಹೊತ್ತುಕೊಂಡು ಮಲಗಿದ್ದೆವು. ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

"ಊಟ ಮಾಡಿದ್ರಾ?" ಎಂದೆ.

"ಇಲ್ಲ," ಎಂದರು. ಈ ಸಲ ನಿಜವೇ ಇರಬೇಕು, ಮುಖ ಬಾಡಿತ್ತು.

ಬಸ್ಸು ಬಂತು. ಹತ್ತಿದೆವು. ಇಬ್ಬರಿಗೂ ಸೀಟು ಸಿಕ್ಕಿತು.